ತುರ್ಭೆಯ ಎರಡನೇ ಶೆಡ್ಡಿಗೆ ನಾನು ಬರೆದ ದರ

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ನಾನು ಏನು ಕೆಲಸ ಮಾಡುತ್ತಿದ್ದೆ ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೆಲವರು ಬ್ಯಾಂಕು ಅಂದುಕೊಂಡಿದ್ದರು, ಕೆಲವರು ಶೇರು ಪೇಟೆ ಅಂದುಕೊಂಡಿದ್ದರು. ದುಬೈ ನೋಡಲು ಹೊರಟ ಎದುರು ಮನೆಯವರು ಒಮ್ಮೆ, ‘ನಿಮ್ಮ ಹತ್ತಿರ ಸ್ವಲ್ಪ ದಿರ್ಹಮ್ ಇರಬೇಕಲ್ಲ’ ಎಂದು ಬಾಗಿಲು ತಟ್ಟಿದ್ದರು. ಇಪ್ಪತ್ತು ಚಿಲ್ಲರೆ ವರ್ಷ ದಿನಬೆಳಗಾದರೆ ಯೂರೋ ಮಾರಿದವಳು ನಾನು. ಆದರೆ ಒಂದು ಯೂರೋ ನೋಟನ್ನು ಕೈಯಲ್ಲಿ ಹಿಡಿದು ನೋಡಿದ್ದು ನಿವೃತ್ತಿಯ ದಿನ, ಸಹೋದ್ಯೋಗಿಗಳು ಐದು ಯೂರೋದ ನೋಟಿಗೆ ಚೌಕಟ್ಟು ಹಾಕಿಸಿ ಕೊಟ್ಟಾಗ.

ಈಗ ಥಾಣೆ, ಐರೋಲಿಯ ವಿದೇಶಿ ಕಂಪನಿಗಳಲ್ಲಿ ಇದೇ ಕೆಲಸಕ್ಕೆ ಸೇರುವ ಮಕ್ಕಳು ದೊಡ್ಡ ದೊಡ್ಡ ಪರೀಕ್ಷೆ ಪಾಸಾಗಿ ಬರುತ್ತಾರೆ. ಪುಸ್ತಕದಲ್ಲಿ ಇರುವುದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿಯನ್ನು ಅವರಿಗಾಗಿ ಬರೆದಿಡೋಣವೆಂದು ಕೂತಿದ್ದೇನೆ. ತುರ್ಭೆಯಲ್ಲಿ ನಮ್ಮ ಕಾರ್ಖಾನೆಗೆ ಎರಡನೇ ಶೆಡ್ ಬರಬೇಕಿತ್ತು. ಬಂದಿದ್ದರೆ ಅಲ್ಲಿ ಠೇಕೇದಾರನ, ಅಂದರೆ ಗುತ್ತಿಗೆದಾರನ, ಕೈಕೆಳಗೆ ದುಡಿಯುತ್ತಿದ್ದ ಇಪ್ಪತ್ತೆರಡು ಜನ ಕಂಪನಿಯ ಕಾಯಂ ನೌಕರರಾಗುತ್ತಿದ್ದರು. ಶೆಡ್ ಬರಲಿಲ್ಲ. ಅದರಲ್ಲಿ ನನ್ನ ಪಾಲು ಎಷ್ಟು ಎಂದು ಹೇಳಬೇಕಾದರೆ ಮೊದಲು ನಮ್ಮ ಕೆಲಸ ಎಂಥದು ಎಂದು ಹೇಳಬೇಕಾಗುತ್ತದೆ.

ಯುರೋಪಿನ ಒಂದು ಕಂಪನಿಯ ಇಲ್ಲಿಯ ಶಾಖೆ ನಮ್ಮದು. ಪೇಂಟಿಗೆ, ಪ್ಲಾಸ್ಟಿಕ್ಕಿಗೆ ಹಾಕುವ ಬಣ್ಣದ ಪುಡಿಯನ್ನು ತುರ್ಭೆಯಲ್ಲಿ ತಯಾರಿಸಿ ಹಡಗಿನಲ್ಲಿ ಕಳಿಸುತ್ತಿದ್ದೆವು. ಮಾಲು ಇವತ್ತು ಹೋದರೆ ಯೂರೋ ಮೂರು ತಿಂಗಳ ಮೇಲೆ ಬರುತ್ತಿತ್ತು. ಕೂಲಿ, ಕರೆಂಟು, ಬಾಡಿಗೆ ಎಲ್ಲ ಇಲ್ಲಿ ರೂಪಾಯಿಯಲ್ಲಿ. ಆ ಮೂರು ತಿಂಗಳಲ್ಲಿ ಯೂರೋದ ಬೆಲೆ ಇಳಿದುಬಿಟ್ಟರೆ ಕಾರ್ಖಾನೆಯವರು ಬೆವರು ಸುರಿಸಿ ಗಳಿಸಿದ್ದು ಕೂತಲ್ಲೇ ಕರಗಿಹೋಗುತ್ತದೆ. ಅದಕ್ಕೆ ನಾವು ಬ್ಯಾಂಕಿನ ಜೊತೆ ಇವತ್ತೇ ಮಾತು ಮಾಡಿಕೊಳ್ಳುತ್ತಿದ್ದೆವು: ಮೂರು ತಿಂಗಳ ಮೇಲೆ ಬರುವ ಯೂರೋವನ್ನು ಇಷ್ಟು ದರಕ್ಕೆ ನಿಮಗೇ ಮಾರುತ್ತೇವೆ, ಆಗ ಪೇಟೆಯಲ್ಲಿ ದರ ಏನೇ ಇರಲಿ. ಇದಕ್ಕೆ ಫಾರ್ವರ್ಡ್ ಅನ್ನುತ್ತಾರೆ. ಈ ಒಂದು ಮಾತಿನ ಸುತ್ತ ನಮ್ಮ ಐರೋಲಿಯ ಆಫೀಸಿನಲ್ಲಿ ಟ್ರೆಷರಿ ಅಂತ ಒಂದು ವಿಭಾಗ ಇತ್ತು.

ನನಗೆ ಕೆಲಸ ಕಲಿಸಿದವರು ಆ ವಿಭಾಗದ ಮುಖ್ಯಸ್ಥರಾಗಿದ್ದ ಕಾಮತ್ ಸರ್. ಕಾರ್ಕಳದ ಕಡೆಯವರು, ಕಲ್ಯಾಣ್‌ನಲ್ಲಿ ಮನೆ. ನಾನು ಉಡುಪಿಯವಳು ಎಂದು ತಿಳಿದ ದಿನದಿಂದ ನಮ್ಮಿಬ್ಬರ ಮಾತು ಕನ್ನಡದಲ್ಲೇ. ಅವರ ಮನೆಮಾತು ಕೊಂಕಣಿ, ನನ್ನದು ತುಳು, ನಡುವೆ ಕನ್ನಡ ಇಬ್ಬರಿಗೂ ಅನುಕೂಲ. ಆಫೀಸಿನ ಉಳಿದವರು ನಾವು ಏನೋ ದೊಡ್ಡ ಗುಟ್ಟು ಮಾತಾಡುತ್ತೇವೆ ಅಂದುಕೊಳ್ಳುತ್ತಿದ್ದರು. ಅರ್ಧ ಹೊತ್ತು ನಾವು ಮೀನಿನ ಬಗ್ಗೆ ಮಾತಾಡುತ್ತಿದ್ದೆವು.

ಮೊದಲ ವರ್ಷವೇ ಕೈ ಸುಟ್ಟುಕೊಂಡೆ. ಆಗ ಫೋನಿನ ಕಾಲ. ಮೂರು ಬ್ಯಾಂಕಿಗೆ ಫೋನ್ ಮಾಡಿ, ಯಾರು ಹೆಚ್ಚು ದರ ಹೇಳುತ್ತಾರೋ ಅವರಿಗೆ ‘ಡನ್’ ಅನ್ನಬೇಕು. ಆ ಒಂದು ಪದ ಬಾಯಿಂದ ಬಿದ್ದರೆ ಮುಗಿಯಿತು, ಕಾಗದ ಪತ್ರ ಎಲ್ಲ ಆಮೇಲೆ. ಒಂದು ದಿನ ಹನ್ನೊಂದು ಗಂಟೆಗೆ ಒಳ್ಳೆಯ ದರವೇ ಸಿಕ್ಕಿತು. ಇನ್ನು ಹತ್ತು ಪೈಸೆ ಏರಬಹುದು ಅನ್ನಿಸಿ ಫೋನ್ ಇಟ್ಟೆ. ಹನ್ನೆರಡಕ್ಕೆ ಐದು ಪೈಸೆ ಏರಿತು, ಖುಷಿಯಾಯಿತು. ಊಟ ಮಾಡಿ ಬಂದಾಗ ಇಪ್ಪತ್ತು ಇಳಿದಿತ್ತು. ಹೋದದ್ದು ಬರಲಿ ಎಂದು ಕಾದೆ. ಮೂರೂವರೆಗೆ ನಲವತ್ತು ಪೈಸೆ ಕಡಿಮೆಗೆ ‘ಡನ್’ ಅಂದಾಗ ಆ ಕಡೆಯ ಬ್ಯಾಂಕಿನವನಿಗೇ ಪಾಪ ಅನ್ನಿಸಿರಬೇಕು, ‘ಊಟ ಆಯ್ತಾ ಮ್ಯಾಡಮ್’ ಎಂದು ಕೇಳಿದ.

ಕಾಮತ್ ಸರ್ ಬಯ್ಯಲಿಲ್ಲ. ‘ಎಂತಕ್ಕೆ ಕಾದದ್ದು ಸುನೀತಾ?’ ಅಂದರು.

‘ಇನ್ನೂ ಏರ್ತದೆ ಅನ್ನಿಸ್ತು ಸರ್.’

‘ನಾಳೆ ರೇಟ್ ಎಲ್ಲಿಗೆ ಹೋಗ್ತದೆ ಅಂತ ಗೊತ್ತಿದ್ರೆ ನಾನು ಈ ಕುರ್ಚಿಯಲ್ಲಿ ಕೂರ್ತಿದ್ನಾ ಮಾರಾಯ್ತಿ? ನಮಗೆ ಗೊತ್ತಿಲ್ಲ ಅಂತ ಒಪ್ಪಿಕೊಳ್ಳಿಕ್ಕೇ ಕಂಪನಿ ನಮಗೆ ಸಂಬಳ ಕೊಡೋದು. ನಾಳೆಯಿಂದ ಫೋನ್ ಎತ್ತುವ ಮೊದಲು ಎಷ್ಟಕ್ಕೆ ಮಾರ್ತೀ ಅಂತ ಒಂದು ಚೀಟಿಯಲ್ಲಿ ಬರ್ದು ಸಹಿ ಹಾಕು. ಆ ರೇಟ್ ಬಂತಾ, ಮಾರು. ಆಮೇಲೆ ರೇಟ್ ಎಲ್ಲಿಗೆ ಹೋಯ್ತು ಅಂತ ನೋಡ್ಬೇಡ.’

ಚೀಟಿ ಬರೆಯುವ ಆ ಅಭ್ಯಾಸ ನಿವೃತ್ತಿಯವರೆಗೂ ಬಿಡಲಿಲ್ಲ. ಫೋನ್ ಹೋಗಿ ಕಂಪ್ಯೂಟರ್ ಬಂತು. ಮೂರು ಬ್ಯಾಂಕಿನ ದರ ಮೂರು ಚೌಕದಲ್ಲಿ ಮಿನುಗುತ್ತದೆ, ಒತ್ತಿದರೆ ಆಯಿತು. ಯಾರ ದನಿಯೂ ಕೇಳುವುದಿಲ್ಲ, ಊಟ ಆಯ್ತಾ ಎಂದು ಯಾರೂ ಕೇಳುವುದಿಲ್ಲ. ಕೆಲಸ ಚುರುಕಾಯಿತು, ತಪ್ಪು ಕಡಿಮೆಯಾಯಿತು, ನಿಜ. ನನಗೆ ಮಾತ್ರ ಬೇಸರವಾಯಿತು.

ಎರಡನೇ ಪೆಟ್ಟು ಬಿದ್ದದ್ದು ತುರ್ಭೆಯಿಂದ. ಸಿಸ್ಟಮ್‌ನಲ್ಲಿ ಯಾವ ತಿಂಗಳು ಎಷ್ಟು ಮಾಲು ಹೋಯಿತು ಎಂದು ಕಾಣುತ್ತಿತ್ತು, ಅದನ್ನು ನಂಬಿ ನಾನು ಯೂರೋ ಮಾರಿಡುತ್ತಿದ್ದೆ. ಒಂದು ಸಲ ವಾಯಿದೆಯ ದಿನ ಬಂದರೂ ಯೂರೋ ಬರಲಿಲ್ಲ. ಬ್ಯಾಂಕಿಗೆ ಕೊಟ್ಟ ಮಾತು ತಪ್ಪುವಂತಿಲ್ಲ. ಪೇಟೆಯಿಂದ ದುಬಾರಿ ದರಕ್ಕೆ ಕೊಂಡು ಕೊಡಬೇಕಾಯಿತು. ಕಾಮತ್ ಸರ್, ‘ಸಿಸ್ಟಮ್‌ನಲ್ಲಿ ಎಂತ ನೋಡ್ತಾ ಕೂತಿದ್ದೀ, ತುರ್ಭೆಗೆ ಹೋಗಿ ನೋಡು’ ಅಂದರು. ಐರೋಲಿಯಿಂದ ತುರ್ಭೆಗೆ ಲೋಕಲ್ ರೈಲಿನಲ್ಲಿ ಕಾಲು ಗಂಟೆಯ ದಾರಿ. ಮೂರು ವರ್ಷದಲ್ಲಿ ನಾನು ಒಮ್ಮೆಯೂ ಹೋಗಿರಲಿಲ್ಲ.

ಅಲ್ಲಿ ಮಾಲು ಹೊರಡುವ ಶೆಡ್ಡಿನಲ್ಲಿ ಶರಣಪ್ಪ ಸಿಕ್ಕಿದರು. ಕಲಬುರ್ಗಿಯ ಕಡೆಯವರು, ಲೋಡಿಂಗ್ ತಂಡದ ಮುಂದಾಳು. ಆ ದಿನ ನೀಲಿ ಪುಡಿ ತುಂಬುತ್ತಿದ್ದರು. ಹುಬ್ಬು, ರೆಪ್ಪೆ ಎಲ್ಲ ನೀಲಿ. ನನ್ನ ಹಿಂದಿ ಕೇಳಿ ಅವರೇ ‘ಕನ್ನಡದವ್ರೇನ್ರಿ?’ ಎಂದು ಕೇಳಿದರು. ನಾನು ಪಟ್ಟಿ ತೋರಿಸಿ, ಹೋದ ತಿಂಗಳು ಕಳಿಸಿದ ನಾಲ್ಕು ಕಂಟೇನರ್‌ಗಳ ವಿಚಾರ ಕೇಳಿದೆ.

‘ಕಾಗದದಾಗ ಹೋಗ್ಯಾವ ಮೇಡಮ್ರ. ಇಲ್ಲಿ ನೋಡ್ರಿ, ನಿಮ್ಮ ಎದುರಿಗೇ ಕುಂತಾವ.’ ನಿಜಕ್ಕೂ ಎದುರಿಗೇ ಇದ್ದವು. ‘ಮೂವತ್ತೊಂದಕ್ಕ ಬಿಲ್ ಹರೀತಾರ. ಗಾಡಿ ಬರೂದು ನಾಕಕ್ಕೋ, ಐದಕ್ಕೋ, ಮಳಿ ಇದ್ರ ಹತ್ತಕ್ಕೋ. ನಮ್ಮನ್ನ ಕೇಳಿದ್ರ ಖರೇ ತಾರೀಖು ಹೇಳ್ತೀವಿ. ಯಾರೂ ಕೇಳಂಗಿಲ್ಲ.’

ತಿಂಗಳ ಮಾರಾಟ ಚೆನ್ನಾಗಿ ಕಾಣಲಿ ಎಂದು ಕಾರ್ಖಾನೆಯವರು ಮಾಲು ಹೊರಡುವ ಮೊದಲೇ ಬಿಲ್ಲು ಮಾಡುತ್ತಿದ್ದರು. ಆವತ್ತಿನಿಂದ ನಾನು ಪ್ರತಿ ಗುರುವಾರ ಶರಣಪ್ಪನವರಿಗೆ ಫೋನ್ ಮಾಡಿ ಏನೇನು ನಿಜವಾಗಿ ಗೇಟು ದಾಟಿತು ಎಂದು ಕೇಳಿಕೊಂಡು ಯೂರೋ ಮಾರತೊಡಗಿದೆ. ಯುರೋಪಿನ ದೊಡ್ಡ ಆಫೀಸಿನವರು ನಮ್ಮ ಅಂದಾಜು ಅಷ್ಟು ಕರಾರುವಾಕ್ಕಾಗಿ ಹೇಗೆ ಬರುತ್ತದೆ ಎಂದು ಕೇಳಿದಾಗ ಕಾಮತ್ ಸರ್ ‘ಸ್ಥಳೀಯ ವಿಧಾನ’ ಎಂದು ಬರೆದು ಕಳಿಸಿದರು. ಅವರು ಅದಕ್ಕೂ ಒಂದು ಚಾರ್ಟ್ ಕೇಳಿದರು.

ಹೀಗೆ ಹನ್ನೆರಡು ವರ್ಷ ಗುರುವಾರದ ಫೋನು ನಡೆಯಿತು. ಅಷ್ಟು ವರ್ಷವೂ ಶರಣಪ್ಪ ಠೇಕೇದಾರನ ಆಳಾಗಿಯೇ ಉಳಿದರು. ಕೊರಳಲ್ಲಿ ತೂಗುವ ಗುರುತಿನ ಕಾರ್ಡಿನಲ್ಲಿ ಠೇಕೇದಾರನ ಹೆಸರು ದಪ್ಪಕ್ಷರದಲ್ಲಿ, ಇವರದು ಕೆಳಗೆ ಸಣ್ಣದಾಗಿ. ಠೇಕೇದಾರ ಬದಲಾದಾಗಲೆಲ್ಲ ಕಾರ್ಡು ಬದಲಾಗುತ್ತಿತ್ತು, ಸೇವೆ ಮತ್ತೆ ಮೊದಲ ದಿನದಿಂದ ಶುರುವಾಗುತ್ತಿತ್ತು. ‘ಹನ್ನೆರಡು ವರ್ಷದಾಗ ಐದು ಸಲ ಹೊಸಾ ಮನಷ್ಯಾ ಆಗೀನ್ರಿ’ ಎಂದು ಒಮ್ಮೆ ನಕ್ಕಿದ್ದರು.

ಬಡ್ಡಿಯ ವಿಷಯವನ್ನೂ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಕಂಪನಿಗೆ ಸಾಲ ಬೇಕಾದಾಗ ದೊಡ್ಡ ಆಫೀಸಿನವರು, ಯೂರೋದಲ್ಲಿ ಬಡ್ಡಿ ಇಷ್ಟು ಕಡಿಮೆ ಇರುವಾಗ ರೂಪಾಯಿಯಲ್ಲಿ ಯಾಕೆ ಸಾಲ ಮಾಡುತ್ತೀರಿ ಎಂದು ಪ್ರತಿ ವರ್ಷ ಕೇಳುತ್ತಿದ್ದರು. ಯೂರೋ ಸಾಲ ತೀರಿಸುವ ಹೊತ್ತಿಗೆ ಯೂರೋ ತುಟ್ಟಿಯಾದರೆ ಬಡ್ಡಿಯಲ್ಲಿ ಉಳಿಸಿದ್ದು ಅಸಲಿನಲ್ಲಿ ಹೋಗುತ್ತದೆ. ಹಾಗಾಗದಂತೆ ದರ ಕಟ್ಟಿಹಾಕಲು ಹೋದರೆ ಅದಕ್ಕೆ ಬ್ಯಾಂಕು ತೆಗೆದುಕೊಳ್ಳುವುದೂ ಸೇರಿ ಎರಡೂ ಹೆಚ್ಚುಕಡಿಮೆ ಒಂದೇ ಆಗುತ್ತದೆ. ಹೊಸದಾಗಿ ಸೇರಿದವರು ಅಗ್ಗದ ಬಡ್ಡಿ ಕಂಡು ಮರುಳಾಗುವುದನ್ನು ನಾನು ಬಹಳ ನೋಡಿದ್ದೇನೆ. ನಮ್ಮದು ರೂಪಾಯಿ ಸಾಲವೇ, ಆದರೆ ಬಡ್ಡಿ ಆರು ತಿಂಗಳಿಗೊಮ್ಮೆ ಪೇಟೆಯಂತೆ ಏರಿಳಿಯುವಂಥದು. ಏರಿದರೆ ಏನು ಗತಿ ಎಂದು ಮುಂದಿನ ವರ್ಷದ ಲೆಕ್ಕದಲ್ಲಿ ಒಂದು ಅಂದಾಜು ಹಾಕಬೇಕಾಗುತ್ತಿತ್ತು.

ಈ ಅಂದಾಜಿನ ಕಡೆಗೇ ಬರುತ್ತಿದ್ದೇನೆ. ಪ್ರತಿ ಅಕ್ಟೋಬರಿನಲ್ಲಿ ದೊಡ್ಡ ಆಫೀಸಿನಿಂದ ಒಂದು ಹಾಳೆ ಬರುತ್ತಿತ್ತು. ಅದರಲ್ಲಿ ಎರಡು ಹಳದಿ ಚೌಕ ನಾವು ತುಂಬುವಂಥವು: ಮುಂದಿನ ವರ್ಷಕ್ಕೆ ಯೂರೋದ ದರ ಎಷ್ಟು, ಸಾಲದ ಬಡ್ಡಿ ಎಷ್ಟು. ಇದಕ್ಕೆ ಬಜೆಟ್ ದರ ಅನ್ನುತ್ತಿದ್ದರು. ಕಂಪನಿಯ ಎಲ್ಲ ಯೋಜನೆ, ಎಲ್ಲ ಲೆಕ್ಕ ಆ ಎರಡು ಸಂಖ್ಯೆಯ ಮೇಲೆ ನಿಲ್ಲುತ್ತಿತ್ತು. ವರ್ಷದ ಕೊನೆಯಲ್ಲಿ ನಾವು ನಿಜವಾಗಿ ಮಾರಿದ ದರ ಬಜೆಟ್ ದರಕ್ಕಿಂತ ಮೇಲಿದ್ದರೆ ಟ್ರೆಷರಿಗೆ ಲಾಭ, ಕೆಳಗಿದ್ದರೆ ನಷ್ಟ. ನಮ್ಮ ಬೋನಸ್ಸೂ ಅದರ ಮೇಲೆಯೇ.

ಕಾಮತ್ ಸರ್ ಅವರ ಪದ್ಧತಿ ಸರಳವಾಗಿತ್ತು. ಬ್ಯಾಂಕು ಆ ದಿನ ಹೇಳುವ ಮುಂದಿನ ವರ್ಷದ ದರ ತೆಗೆದುಕೊಂಡು ಅದರಿಂದ ಮೂರೂವರೆ ರೂಪಾಯಿ ಕಳೆಯುವುದು. ಬಡ್ಡಿಗೆ ಒಂದು ಶೇಕಡ ಕೂಡಿಸುವುದು. ‘ಜಾಗ್ರತೆಯ ಅಂದಾಜು’ ಎಂದು ಪಕ್ಕದಲ್ಲಿ ಬರೆಯುವುದು. ಹೀಗೆ ಕೆಳಗೆ ಎಳೆದ ಗೆರೆಯನ್ನು ದಾಟಲು ಜಾಣತನ ಏನೂ ಬೇಕಿರಲಿಲ್ಲ. ವರ್ಷ ವರ್ಷವೂ ನಮಗೆ ಲಾಭ, ವರ್ಷ ವರ್ಷವೂ ಶಹಬ್ಬಾಸ್. ನಾನೂ ಅದನ್ನು ಎಚ್ಚರಿಕೆ ಎಂದೇ ತಿಳಿದಿದ್ದೆ. ಯಾರಿಗೂ ಇದರಿಂದ ತೊಂದರೆ ಇಲ್ಲವಲ್ಲ, ಕೆಟ್ಟದ್ದನ್ನು ಎಣಿಸಿಕೊಂಡಿದ್ದೇವೆ, ಒಳ್ಳೆಯದಾದರೆ ಎಲ್ಲರಿಗೂ ಸಂತೋಷ.

ಕಾಮತ್ ಸರ್ ನಿವೃತ್ತರಾದರು, ಅವರ ಕುರ್ಚಿ ನನಗೆ ಬಂತು. ಹೇಗೆ ಬಂತು ಎಂಬ ಪುರಾಣ ಇಲ್ಲಿ ಬೇಡ. ಬಂದ ಮೊದಲ ಅಕ್ಟೋಬರಿನಲ್ಲಿ ಹಾಳೆ ಬಂತು. ಹಿಂದಿನ ವರ್ಷಗಳ ಹಾಳೆ ತೆಗೆದು ನೋಡಿದೆ. ಪೇಟೆಯ ದರದಿಂದ ಮೂರೂವರೆ ಕಳೆದೆ, ಬಡ್ಡಿಗೆ ಒಂದು ಕೂಡಿಸಿದೆ, ‘ಜಾಗ್ರತೆಯ ಅಂದಾಜು’ ಎಂದು ಬರೆದೆ, ಕಳಿಸಿದೆ. ಹತ್ತು ನಿಮಿಷದ ಕೆಲಸ. ಹತ್ತು ಪೈಸೆಯ ಹೆಚ್ಚುಕಡಿಮೆಗೂ ಚೀಟಿ ಬರೆದು ಸಹಿ ಹಾಕುತ್ತಿದ್ದವಳು ಮೂರೂವರೆ ರೂಪಾಯಿಯನ್ನು ಹಾಗೆ ಕಳೆದು ಚಹಾ ಕುಡಿಯಲು ಎದ್ದುಹೋದೆ.

ಆ ವರ್ಷವೇ ಎರಡನೇ ಶೆಡ್ಡಿನ ಮಾತು ಬಂದಿತ್ತು. ಯುರೋಪಿನಲ್ಲಿ ಮಾಡುತ್ತಿದ್ದ ಸಣ್ಣ ಪೊಟ್ಟಣದ ಪ್ಯಾಕಿಂಗ್ ಕೆಲಸವನ್ನು ತುರ್ಭೆಗೆ ತರುವ ಯೋಚನೆ. ಶೆಡ್ ಕಟ್ಟಲು ಸಾಲ, ಸಂಪಾದನೆ ಯೂರೋದಲ್ಲಿ. ಕಾರ್ಖಾನೆಯ ಮ್ಯಾನೇಜರು, ಶೆಡ್ ಮಂಜೂರಾದರೆ ಲೋಡಿಂಗ್ ಮತ್ತು ಪ್ಯಾಕಿಂಗಿನ ಇಪ್ಪತ್ತೆರಡು ಜನರನ್ನು ಕಾಯಂ ಮಾಡುವುದಾಗಿ ಬರೆದುಕೊಟ್ಟಿದ್ದರು. ಪಟ್ಟಿಯಲ್ಲಿ ಮೊದಲ ಹೆಸರು ಶರಣಪ್ಪನವರದು. ಮಂಜೂರಾಗದಿದ್ದರೆ ಅವರ ಠೇಕು ಮಾರ್ಚಿಗೆ ಮುಗಿಯುತ್ತಿತ್ತು, ಯಾಕೆಂದರೆ ಹಳೆಯ ಶೆಡ್ಡಿನ ಲೋಡಿಂಗಿಗೆ ಯಂತ್ರ ಬರುವುದಿತ್ತು.

ಗುರುವಾರದ ಫೋನಿನಲ್ಲಿ ಶರಣಪ್ಪ ಕಂಟೇನರಿನ ಲೆಕ್ಕ ಕೊಟ್ಟು ಸುಮ್ಮನಾಗುತ್ತಿರಲಿಲ್ಲ. ‘ಮೇಡಮ್ರ, ನಿಮ್ಮ ಕಡೆ ಶೆಡ್ಡಿನ ಕಾಗದ ಬಂದದೇನ್ರಿ?’ ಎಂದು ಕೇಳುತ್ತಿದ್ದರು.

‘ಅದು ನಮ್ಮ ವಿಭಾಗಕ್ಕೆ ಬರೋದಲ್ಲ ಶರಣಪ್ಪ. ಅದು ಮೇಲಿನವರು ನೋಡೋದು.’

‘ಆತ್ರಿ. ನನ್ನ ಹೆಸರಿನ ಕಾರ್ಡ್ ಬಂದ್ರ ನಿಮಗ ಮೊದಲ ತೋರಸ್ತೀನಿ.’

ನಾನು ಸುಳ್ಳು ಹೇಳಿರಲಿಲ್ಲ. ಅದು ನಮ್ಮ ವಿಭಾಗದ ವಿಷಯ ಎಂದು ನನಗೆ ನಿಜವಾಗಿಯೂ ಹೊಳೆದಿರಲಿಲ್ಲ.

ಡಿಸೆಂಬರಿನಲ್ಲಿ ದೊಡ್ಡ ಆಫೀಸಿನ ಸಮಿತಿಯಿಂದ ಪತ್ರ ಬಂತು. ಯೋಜನೆಯ ಲಾಭ ಕಂಪನಿ ಬಯಸುವ ಮಟ್ಟಕ್ಕಿಂತ ತುಸು ಕಡಿಮೆ ಬರುವುದರಿಂದ ಒಪ್ಪಿಗೆ ಕೊಡಲಾಗುವುದಿಲ್ಲ ಎಂದಿತ್ತು. ಪತ್ರದ ಪ್ರತಿ ಎಲ್ಲ ವಿಭಾಗಕ್ಕೆ ಬಂದಂತೆ ನನಗೂ ಬಂತು, ಜೊತೆಗೆ ಲೆಕ್ಕದ ಹಾಳೆ. ಓದುತ್ತಾ ಹೋದವಳು ಮೂರನೇ ಸಾಲಿನಲ್ಲಿ ನಿಂತೆ. ಯೂರೋದ ದರ ಎಂಬ ಸಾಲಿನಲ್ಲಿ ನನ್ನ ಸಂಖ್ಯೆ ಇತ್ತು. ಅದರ ಕೆಳಗೆ ಬಡ್ಡಿ, ಅದೂ ನನ್ನದೇ.

ಬಾಗಿಲು ಹಾಕಿಕೊಂಡು ಅದೇ ಹಾಳೆಯಲ್ಲಿ ಆ ಎರಡು ಸಂಖ್ಯೆ ಅಳಿಸಿ, ಅಕ್ಟೋಬರಿನಲ್ಲಿ ಬ್ಯಾಂಕು ನನಗೆ ಹೇಳಿದ್ದ ನಿಜವಾದ ದರ ಹಾಕಿದೆ. ಯೋಜನೆ ಪಾಸಾಯಿತು. ಹಾಗೋ ಹೀಗೋ ಅಲ್ಲ, ಚೆನ್ನಾಗಿಯೇ ಪಾಸಾಯಿತು. ಹಾಳೆ ತಪ್ಪಿರಬಹುದು ಎಂದು ಮತ್ತೆ ಮೊದಲಿಂದ ಮಾಡಿದೆ. ಮತ್ತೆ ಅದೇ ಉತ್ತರ. ನನ್ನ ಸಂಖ್ಯೆಯ ಜೊತೆ ಕಾರ್ಖಾನೆಯವರು ಖರ್ಚಿನಲ್ಲಿ ಸ್ವಲ್ಪ ಹೆಚ್ಚು ಹಿಡಿದಿದ್ದರು, ಸಾಗಾಣಿಕೆಯವರು ಬಾಡಿಗೆಯಲ್ಲಿ ಸ್ವಲ್ಪ ಹೆಚ್ಚು ಹಿಡಿದಿದ್ದರು. ಒಬ್ಬೊಬ್ಬರೂ ತಮ್ಮ ಮೇಜಿನಲ್ಲಿ ಕೂತು ಒಂದೊಂದು ಚಿಟಿಕೆ ಎಚ್ಚರಿಕೆ ಹಾಕಿದ್ದೆವು. ಎಲ್ಲರಿಗಿಂತ ದೊಡ್ಡ ಚಿಟಿಕೆ ನನ್ನದು.

ಮಾರನೆಯ ದಿನ ಭಾನುವಾರ. ಕಲ್ಯಾಣ್‌ಗೆ ಹೋಗಿ ಕಾಮತ್ ಸರ್ ಮನೆಯ ಬಾಗಿಲು ತಟ್ಟಿದೆ. ಅವರು ಬನಿಯನ್ ಹಾಕಿಕೊಂಡು ಬಾಲ್ಕನಿಯಲ್ಲಿ ಬಸಳೆ ಬಳ್ಳಿಗೆ ದಾರ ಕಟ್ಟುತ್ತಿದ್ದರು. ಕೂತು ಚಹಾ ಕುಡಿದೆವು. ಆಮೇಲೆ ನೇರವಾಗಿ ಕೇಳಿದೆ.

‘ಸರ್, ಆ ಮೂರೂವರೆ ರೂಪಾಯಿ ಎಲ್ಲಿಂದ ಬಂದದ್ದು?’

‘ಯಾವ ಮೂರೂವರೆ?’

‘ಬಜೆಟ್ ದರದಲ್ಲಿ ನೀವು ಪ್ರತಿ ವರ್ಷ ಕಳೀತಿದ್ರಲ್ಲ. ಮೂರೂವರೆಯೇ ಯಾಕೆ? ಅದಕ್ಕೆ ಏನಾದ್ರೂ ಲೆಕ್ಕ ಉಂಟಾ?’

ಅವರು ದಾರದ ಉಂಡೆ ಕೆಳಗಿಟ್ಟರು. ‘ನೀನು ಬರುವ ಮೊದಲು ಒಂದು ವರ್ಷ ರೂಪಾಯಿ ಒಮ್ಮೆಲೇ ಗಟ್ಟಿಯಾಯ್ತು. ನಾನು ಬರ್ದ ದರದ ಹತ್ರ ಹತ್ರವೂ ಯೂರೋ ಬರ್ಲಿಲ್ಲ. ಮೀಟಿಂಗಿನಲ್ಲಿ ಎಲ್ಲರ ಎದುರು ನಿಲ್ಲಿಸಿ ಕೇಳಿದ್ರು. ಹೊರಗಿನವರು, ಚಿಕ್ಕ ಪ್ರಾಯದವರು. ಇಪ್ಪತ್ತು ನಿಮಿಷ ನಿಂತಿದ್ದೆ ಸುನೀತಾ. ಮರುವರ್ಷ ಎರಡು ರೂಪಾಯಿ ಕಳ್ದು ಬರ್ದೆ. ಯಾರೂ ಕೇಳ್ಲಿಲ್ಲ. ಅದರ ಮರುವರ್ಷ ಇನ್ನೊಂದೂವರೆ ಕಳ್ದೆ. ಆಗಲೂ ಕೇಳ್ಲಿಲ್ಲ.’

‘ಅಷ್ಟೇನಾ?’

‘ಅಷ್ಟೇ. ಲೆಕ್ಕ ಎಂತ ಇಲ್ಲ. ನನಗೆ ಹೆದ್ರಿಕೆ ಆಗಿತ್ತು.’

ನಾನು ಶೆಡ್ಡಿನ ಹಾಳೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ನಾಳೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಕಲಿಸಿದ ಮನುಷ್ಯ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ಹೋಗಿದ್ದೆ. ಬನಿಯನ್ನಿನಲ್ಲಿ ಕೂತಿದ್ದ ಅವರನ್ನು ನೋಡಿ ಸಿಟ್ಟು ಬರಲಿಲ್ಲ. ಅವರಾದರೂ ಒಂದು ಪೆಟ್ಟು ತಿಂದು ಹೆದರಿದವರು. ನಾನು ಯಾವ ಪೆಟ್ಟೂ ತಿನ್ನದೆ ಅವರ ಹೆದರಿಕೆಯನ್ನು ನಕಲು ಮಾಡಿದವಳು.

‘ನನ್ನ ಹೆಸರು ಹೇಳು ಬೇಕಾದ್ರೆ’ ಅಂದರು ಹೊರಡುವಾಗ. ‘ಹೇಗೂ ನಾನು ಅಲ್ಲಿಲ್ಲ. ಆದ್ರೆ ಬೇಗ ಹೇಳು. ಸಮಿತಿ ಆ ಕೆಲಸವನ್ನು ಬೇರೆಯವರಿಗೆ ಕೊಟ್ರೆ ಮತ್ತೆ ತಿರುಗಿ ನೋಡೋದಿಲ್ಲ.’

ಬೇಗ ಹೇಳಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಸೋಮವಾರ ನಮ್ಮ ಹಣಕಾಸು ನಿರ್ದೇಶಕರ ಹತ್ತಿರ ಹೋದೆ. ಪುಣೆಯವರು, ಒಳ್ಳೆಯವರೇ. ಅವರು ಹಾಳೆ ನೋಡಿ ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: ಈ ವರ್ಷ ಮೂರೂವರೆ ರೂಪಾಯಿ ಸುಮ್ಮನೆ ಕಳೆದದ್ದು ಎಂದರೆ, ಇಷ್ಟು ವರ್ಷ ನಾವು ತೋರಿಸಿದ ಲಾಭವೂ ಸುಮ್ಮನೆ ಬಂದದ್ದು ಎಂದು ಒಪ್ಪಿಕೊಂಡಂತಾಗುವುದಿಲ್ಲವೇ? ಯೋಚಿಸಿ ಹೇಳಿ ಅಂದರು. ನಾನು ಯೋಚಿಸಿದೆ. ನನ್ನ ಕುರ್ಚಿಯ ಬಗ್ಗೆ ಯೋಚಿಸಿದೆ, ಕಾಮತ್ ಸರ್ ಹೆಸರಿನ ಬಗ್ಗೆ ಯೋಚಿಸಿದೆ, ಹೊಸಬಳು ಬಂದ ಕೂಡಲೇ ಎಲ್ಲ ಕೆಡಿಸಿದಳು ಎಂಬ ಮಾತಿನ ಬಗ್ಗೆ ಯೋಚಿಸಿದೆ. ನಡುವೆ ಬಂದ ಗುರುವಾರ ಫೋನ್ ಮಾಡುವ ಕೆಲಸವನ್ನು ಬೇರೆಯವರಿಗೆ ಹೇಳಿದೆ. ಹೀಗೆ ಒಂಬತ್ತು ದಿನ ಕಳೆದವು. ಹತ್ತನೆಯ ದಿನ ನಿರ್ದೇಶಕರನ್ನು ಮತ್ತೆ ಕೇಳದೆ ಸಮಿತಿಗೆ ಬರೆದೆ: ದರ ನನ್ನದು, ತಪ್ಪು ನನ್ನದು, ಸರಿಯಾದ ಲೆಕ್ಕ ಇದರೊಂದಿಗಿದೆ.

ಉತ್ತರ ಎರಡು ಸಾಲಿನದು, ಬಹಳ ಸಭ್ಯವಾಗಿತ್ತು. ಹಿಂದಿನ ವಾರ ಆ ಕೆಲಸವನ್ನು ಬೇರೊಂದು ದೇಶದ ಘಟಕಕ್ಕೆ ಕೊಡಲಾಗಿದೆ. ಮುಂದಿನ ಬಜೆಟ್ಟಿನಲ್ಲಿ ನನ್ನ ಸಲಹೆಯನ್ನು ಗಮನಿಸಲಾಗುವುದು.

ನನ್ನ ಕುರ್ಚಿಗೆ ಏನೂ ಆಗಲಿಲ್ಲ. ಅಷ್ಟೆಲ್ಲ ಹೆದರಿದ್ದು ಯಾತಕ್ಕೆ ಎಂದು ನನಗೇ ಗೊತ್ತಾಗಲಿಲ್ಲ. ಆ ಬಜೆಟ್ಟಿನ ವರ್ಷ ಯೂರೋ ಬ್ಯಾಂಕು ಹೇಳಿದ ದರದ ಆಸುಪಾಸಿನಲ್ಲೇ ನಡೆಯಿತು. ವರ್ಷದ ಕೊನೆಗೆ, ಟ್ರೆಷರಿ ವಿಭಾಗ ಬಜೆಟ್ಟಿಗಿಂತ ಒಳ್ಳೆಯ ಲಾಭ ಗಳಿಸಿದೆ ಎಂದು ಪ್ರಶಂಸಾಪತ್ರ ಬಂತು, ಬೋನಸ್ ಬಂತು. ಆ ಬೋನಸ್ಸಿನಲ್ಲಿ ಅಡುಗೆಮನೆಗೆ ಟೈಲ್ಸ್ ಹಾಕಿಸಿದೆವು. ಬೇಡ ಎಂದು ವಾಪಸು ಮಾಡುವಷ್ಟು ದೊಡ್ಡ ಮನಸ್ಸು ನನ್ನದಾಗಿರಲಿಲ್ಲ.

ಮುಂದಿನ ಅಕ್ಟೋಬರಿನಿಂದ ಹಳದಿ ಚೌಕದಲ್ಲಿ ಪೇಟೆಯ ದರವನ್ನೇ ಬರೆದೆ. ಕೆಳಗೆ ಬೇರೆ ಸಾಲಿನಲ್ಲಿ, ದರ ಇಷ್ಟು ಇಳಿದರೆ ಇಷ್ಟು ನಷ್ಟ, ಇಷ್ಟು ಏರಿದರೆ ಇಷ್ಟು ಲಾಭ ಎಂದು ಬಿಡಿಸಿ ಬರೆದೆ. ಹೆದರಿಕೆ ಇದ್ದರೆ ಅದಕ್ಕೆ ಬೇರೆ ಸಾಲು ಇರಲಿ, ದರದ ಒಳಗೆ ಅಡಗಿಸುವುದು ಬೇಡ ಎಂದು ನನ್ನ ಕೆಳಗೆ ಕಲಿತವರಿಗೆಲ್ಲ ಹೇಳಿದೆ. ಮೊದಲ ವರ್ಷ ನಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದಾಯಿತು. ದೊಡ್ಡ ಆಫೀಸಿನವರು ನಿಮ್ಮ ವಿಭಾಗಕ್ಕೆ ಏನಾಗಿದೆ ಎಂದು ಕೇಳಿದರು.

ಇದಕ್ಕೆಲ್ಲ ಮೊದಲೇ, ಶೆಡ್ ತಪ್ಪಿದ ಮೇಲೆ ಬಂದ ಮಾರ್ಚಿನ ಕೊನೆಯ ವಾರ, ಇಪ್ಪತ್ತೆರಡು ಜನರ ಠೇಕು ಮುಗಿದಿತ್ತು. ನಾನು ತುರ್ಭೆಗೆ ಹೋದೆ. ಯಾರ ಒತ್ತಾಯವೂ ಇರಲಿಲ್ಲ, ಹೋಗದೆ ಇರಲಾಗಲಿಲ್ಲ. ಗೇಟಿನ ಹೊರಗೆ ಚಹಾದ ಗಾಡಿಯ ಹತ್ತಿರ ಶರಣಪ್ಪ ನಿಂತಿದ್ದರು. ಮೈಮೇಲೆ ಬಣ್ಣವಿಲ್ಲದ ಅವರನ್ನು ನೋಡಿದ್ದು ಅದೇ ಮೊದಲು. ಅವರೇ ಇನ್ನೊಂದು ಚಹಾ ಹೇಳಿದರು. ಸಾನಪಾಡಾದಲ್ಲಿ ಒಂದು ಕಟ್ಟಡದ ಕೆಲಸಕ್ಕೆ ಕರೆದಿದ್ದಾರೆ, ಸೋಮವಾರದಿಂದ ಹೋಗುತ್ತೇನೆ ಅಂದರು. ಹೆಂಡತಿ ಊರಿಗೆ ಹೋಗೋಣ ಅನ್ನುತ್ತಾಳೆ, ಮಗಳ ಹತ್ತನೇ ಕ್ಲಾಸು ಮುಗಿಯಲಿ ಎಂದು ತಡೆದಿದ್ದೇನೆ ಅಂದರು.

ನಾನು ಎಲ್ಲವನ್ನೂ ಹೇಳಿದೆ. ಮೂರೂವರೆ ರೂಪಾಯಿ, ಹಳದಿ ಚೌಕ, ಒಂಬತ್ತು ದಿನ. ಅವರಿಗೆ ಅರ್ಥವಾಗುವುದಿಲ್ಲವೇನೋ ಅಂದುಕೊಂಡಿದ್ದೆ. ಅವರಿಗೆ ಅರ್ಥವಾಯಿತು.

‘ಅಂದ್ರ ನೀವು ಖರೇ ರೇಟ್ ಹಾಕಿದ್ರ ಶೆಡ್ ಆಗ್ತಿತ್ತೇನ್ರಿ?’

‘ಆಗ್ತಿತ್ತು.’

ಅವರು ಚಹಾದ ಲೋಟ ಗಾಡಿಯ ಮೇಲಿಟ್ಟರು. ‘ರೇಟ್ ಬಿತ್ತು, ಅದಕ್ಕ ಶೆಡ್ ಬರಲಿಲ್ಲ ಅಂತ ನಾ ಹುಡುಗರಿಗೆ ಹೇಳೀನ್ರಿ. ರೇಟ್ ಬೀಳೂದು ಯಾರ ಕೈಯಾಗೂ ಇಲ್ಲ, ಮಳಿ ಇದ್ದಂಗ. ತಡ್ಕೊಂಡಾರ. ಯಾರೋ ಒಬ್ರು ಕುಂತು ಹೆದರಿ ಬರದ್ರು ಅಂದ್ರ ತಡ್ಕೊಳ್ಳಂಗಿಲ್ರಿ. ನೀವು ಅವರಿಗೆ ಹೇಳಬ್ಯಾಡ್ರಿ.’

‘ಆಯ್ತು ಶರಣಪ್ಪ.’

‘ನನಗೂ ಹೇಳಬಾರದಿತ್ರಿ ಮೇಡಮ್ರ.’

ನನ್ನ ಚಹಾದ ದುಡ್ಡನ್ನೂ ಅವರೇ ಕೊಟ್ಟು ಸ್ಟೇಷನ್ನಿನ ಕಡೆ ನಡೆದರು. ಹೇಳಿ ಮನಸ್ಸು ಹಗುರ ಮಾಡಿಕೊಳ್ಳಲು ಹೋಗಿದ್ದೆ ಎಂಬುದು ನನಗೆ ಆಗ ತಿಳಿಯಿತು. ಅವರ ಮನಸ್ಸಿನ ಬಗ್ಗೆ ನಾನು ಯೋಚಿಸಿರಲಿಲ್ಲ.

ಉಳಿದವರಿಗೆ ಹೇಳಬೇಡಿ ಎಂದು ಅವರು ಕೇಳಿಕೊಂಡದ್ದನ್ನು ಪಾಲಿಸಿದ್ದೇನೆ. ಪಾಲಿಸುವುದು ಕಷ್ಟವಾಗಲಿಲ್ಲ. ಆ ಇಪ್ಪತ್ತೆರಡು ಜನರಲ್ಲಿ ನನಗೆ ಗೊತ್ತಿದ್ದ ಹೆಸರು ಒಂದೇ.